ಚೆಂಡು ನಿಂತದ್ದು ಎಲ್ಲಿ? ಅಮೆರಿಕನ್ ಫುಟ್‌ಬಾಲ್ ತೀರ್ಪುಗಾರರ ಸ್ಪಾಟ್ ಮತ್ತು ಕೋಚ್‌ಗಳ ವಿಶ್ವಾಸ

ಪಟ್ಟೆಯಂಗಿ:

ವೇದಿಕೆಯ ಎಲ್ಲರಿಗೂ ನಮಸ್ಕಾರ. ನಾನು ಒಹಾಯೊದಲ್ಲಿ ನೆಲೆಸಿದ್ದು, ಬರುವ ಆಗಸ್ಟ್‌ನಿಂದ ಇಲ್ಲಿನ ಹೈಸ್ಕೂಲ್ ಅಮೆರಿಕನ್ ಫುಟ್‌ಬಾಲ್ ಪಂದ್ಯಗಳಲ್ಲಿ ಲೈನ್ಸ್‌ಮನ್ (ಮೈದಾನದ ಬದಿಗೆರೆ, ಅಂದರೆ ಸೈಡ್‌ಲೈನ್‌ನಲ್ಲಿ ನಿಲ್ಲುವ ತೀರ್ಪುಗಾರ) ಆಗಿ ಕೆಲಸ ಮಾಡಲಿದ್ದೇನೆ. ನಿಯಮಗಳ ಪರೀಕ್ಷೆ ಪಾಸಾಗಿದೆ. ಪಟ್ಟೆಯ ಅಂಗಿಯೂ ಕಪ್ಪು ಟೋಪಿಯೂ ಮನೆಗೆ ಬಂದಿವೆ. ಆದರೆ ಈ ಆಟವನ್ನು ನಾನು ಒಮ್ಮೆಯೂ ಆಡಿದವನಲ್ಲ; ಶಿವಮೊಗ್ಗದಲ್ಲಿ ಬೆಳೆದವನಿಗೆ ಅದು ಸಾಧ್ಯವೂ ಇರಲಿಲ್ಲ. ಹೀಗಾಗಿ ಎರಡು ವಿಷಯಗಳಲ್ಲಿ ಅಳುಕಿದೆ. ಮೊದಲನೆಯದು, ಹತ್ತು ಹನ್ನೆರಡು ಹುಡುಗರು ಒಬ್ಬರ ಮೇಲೊಬ್ಬರು ಬಿದ್ದ ರಾಶಿಯೊಳಗೆ ಚೆಂಡು ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ಸೈಡ್‌ಲೈನ್‌ನಿಂದ ನೋಡಿ, ಇದೇ ಜಾಗ ಎಂದು ಕಾಲಿಟ್ಟು ತೋರಿಸುವುದು, ಅಂದರೆ ಸ್ಪಾಟ್ ಹಾಕುವುದು, ಹೇಗೆ? ಎರಡನೆಯದು, ಪಂದ್ಯದುದ್ದಕ್ಕೂ ನನ್ನ ಬೆನ್ನ ಹಿಂದೆಯೇ ನಿಂತಿರುವ ಕೋಚ್ ನನ್ನನ್ನು ನಂಬುವಂತೆ ಮಾಡುವುದು ಹೇಗೆ? ಅನುಭವವಿದ್ದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಸೈಡ್‌ಲೈನ್ ಸಾಕ್ಷಿ:

ಪಟ್ಟೆಯಂಗಿ ಅವರೇ, ನೀವು ಕೇಳಿದ್ದು ಎರಡು ಪ್ರಶ್ನೆಯಾದರೂ ನನ್ನ ಲೆಕ್ಕದಲ್ಲಿ ಅದು ಒಂದೇ. ತಪ್ಪಿನ ಗುರುತಾದ ಹಳದಿ ಬಾವುಟ ಬೀಳುವುದು ಎಲ್ಲೋ ಕೆಲವು ಆಟಗಳಲ್ಲಿ (ಚೆಂಡು ಕದಲಿದಾಗಿನಿಂದ ನಿಲ್ಲುವವರೆಗಿನ ಒಂದೊಂದು ಯತ್ನವೂ ಒಂದು ಆಟ). ಪಾಸ್ ಕೈತಪ್ಪಿ ನೆಲಕ್ಕೆ ಬಿದ್ದರೆ ಚೆಂಡು ಹಿಂದಿನ ಜಾಗಕ್ಕೇ ಮರಳುತ್ತದೆ. ಉಳಿದ ಬಹುಪಾಲು ಆಟಗಳು ಮುಗಿಯುವುದು ನೀವೋ ಎದುರು ಬದಿಯ ಲೈನ್ ಜಡ್ಜ್ ಅವರೋ ತೋರಿಸಿದ ಜಾಗದಲ್ಲಿ. ಕೋಚ್ ನಿಮ್ಮನ್ನು ಅಳೆಯುವುದು ಅಲ್ಲಿಯೇ. ಮೊದಲ ಕ್ವಾರ್ಟರ್‌ನಲ್ಲಿ ನಿಮ್ಮ ಸ್ಪಾಟ್‌ಗಳು ಸರಿಯಾಗಿವೆ ಎಂದು ಅವರ ಮನಸ್ಸಿಗೆ ಬಂದಿದ್ದರೆ, ಮೂರನೆಯ ಕ್ವಾರ್ಟರ್‌ನಲ್ಲಿ ನೀವು ಅವರ ತಂಡದ ಮೇಲೆ ಹೋಲ್ಡಿಂಗ್ (ಎದುರಾಳಿಯನ್ನು ಹಿಡಿದೆಳೆಯುವ ತಪ್ಪು) ಬಾವುಟ ಎಸೆದಾಗ ಅವರು ಗೊಣಗುತ್ತಾರೆಯೇ ಹೊರತು ಜಗಳಕ್ಕೆ ಬರುವುದಿಲ್ಲ.

ಈಗ ಕೆಲಸದ ವಿಷಯ. ಓಟಗಾರ ಮಧ್ಯದಲ್ಲಿ ನುಗ್ಗಿದರೆ, ನೀವು ಸೈಡ್‌ಲೈನ್‌ನ ಉದ್ದಕ್ಕೆ ಅವನ ಸಮಕ್ಕೆ ಸರಿಯುತ್ತಾ ಹೋಗಬೇಕು. ಅವನ ಮುನ್ನಡೆ ನಿಂತ ಕ್ಷಣ ನೀವೂ ಅದೇ ನೇರಕ್ಕೆ ನಿಂತು, ಅಲ್ಲಿಂದ ಲಂಬವಾಗಿ ಒಳಗೆ ತಿರುಗಿ ನಡೆಯಬೇಕು. ಹೊಸಬರಲ್ಲಿ ಹೆಚ್ಚಿನವರು ನಿಂತಲ್ಲಿಂದಲೇ ಓರೆಯಾಗಿ ರಾಶಿಯ ಕಡೆಗೆ ಓಡಿಬಿಡುತ್ತಾರೆ. ಓರೆಯಾಗಿ ಓಡುವವನಿಗೆ ಯಾರ್ಡ್ ಗೆರೆಯ ನೇರ ತಪ್ಪಿಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಿಂದೆ ನಿಂತ ಕೋಚ್‌ಗೆ ಆ ಓಟ ಅಂದಾಜಿನ ಓಟದಂತೆ ಕಾಣುತ್ತದೆ. ಎಲ್ ಆಕಾರದಲ್ಲಿ ಮೊದಲು ಉದ್ದಕ್ಕೆ, ಆಮೇಲೆ ಒಳಕ್ಕೆ ನಡೆದರೆ ನೀವು ಯಾವ ನೇರವನ್ನು ಹಿಡಿದಿದ್ದೀರಿ ಎಂಬುದು ಮೈದಾನದಲ್ಲಿರುವ ಎಲ್ಲರಿಗೂ ತಿಳಿಯುತ್ತದೆ. ಆಕ್ರಮಣದ ತಂಡ ಮುನ್ನುಗ್ಗುವ ದಿಕ್ಕಿಗೆ ಹತ್ತಿರವಿರುವ ಕಾಲನ್ನು ಸ್ಪಾಟ್‌ನ ಮೇಲಿಟ್ಟು, ಅಂಪೈರ್ (ಮೈದಾನದೊಳಗಿರುವ ಇನ್ನೊಬ್ಬ ತೀರ್ಪುಗಾರ) ಚೆಂಡನ್ನು ಇಡುವ ತನಕ ಅದನ್ನು ಕದಲಿಸಬೇಡಿ.

ಕಣ್ಣು ಚೆಂಡಿನ ಮೇಲಿರಲಿ, ಓಟಗಾರನ ಹೆಲ್ಮೆಟ್‌ನ ಮೇಲಲ್ಲ. ಚೆಂಡು ಸುಮಾರು 11 ಇಂಚು ಉದ್ದವಿದೆ. ಅದು ಹೊಟ್ಟೆಗೆ ಒತ್ತಿ ಹಿಡಿದಿದೆಯೋ, ಚಾಚಿದ ಕೈಯಲ್ಲಿದೆಯೋ ಎಂಬುದರ ಮೇಲೆ ಒಂದು ಯಾರ್ಡ್‌ನಷ್ಟು ವ್ಯತ್ಯಾಸವಾಗಬಹುದು. ಒಂದು ಉದಾಹರಣೆ ನೋಡೋಣ. ಹತ್ತು ಯಾರ್ಡ್ ಮುನ್ನಡೆಯಲು ತಂಡಕ್ಕೆ ನಾಲ್ಕು ಯತ್ನ, ಅಂದರೆ ಡೌನ್, ಸಿಗುತ್ತವೆ; ಅಷ್ಟು ದಾಟಿದರೆ ಮತ್ತೆ ಫಸ್ಟ್ ಡೌನ್‌ನಿಂದ ಹೊಸ ಸರಣಿ. ಈಗ ಮೂರನೇ ಡೌನ್, ಇನ್ನೆರಡು ಯಾರ್ಡ್ ಬೇಕು. ಓಟಗಾರ ತನ್ನದೇ ತಂಡದ ಗಾರ್ಡ್‌ನ (ಮುಂಚೂಣಿಯ ಆಟಗಾರ) ಬೆನ್ನಿಗೆ ಅಪ್ಪಳಿಸಿ ನಿಂತಿದ್ದಾನೆ. ಕಾಲು ಇನ್ನೂ ತುಳಿಯುತ್ತಿವೆ. ಅಷ್ಟರಲ್ಲಿ ರಕ್ಷಣೆಯ ಮೂವರು ಬಂದು ಇಡೀ ರಾಶಿಯನ್ನೇ ಎರಡು ಯಾರ್ಡ್ ಹಿಂದಕ್ಕೆ ತಳ್ಳಿಬಿಟ್ಟರು. ಎದುರಾಳಿಗಳು ಹಿಂದಕ್ಕೆ ದೂಡಿದರೆ, ಚೆಂಡು ಮುಂದೆ ತಲುಪಿದ್ದ ಅತ್ಯಂತ ದೂರದ ಬಿಂದುವನ್ನೇ ಅವನಿಗೆ ಕೊಡಬೇಕು. ಫಾರ್ವರ್ಡ್ ಪ್ರೋಗ್ರೆಸ್ ಎಂಬುದು ಇದೇ. ರಾಶಿ ಹಿಂದಕ್ಕೆ ಸರಿಯುವಾಗ ಕಣ್ಣೂ ಅದರ ಜೊತೆ ಹೋದರೆ ಸ್ಪಾಟ್ ಕಳೆದುಹೋಯಿತೆಂದೇ ಅರ್ಥ. ಆದ್ದರಿಂದ ಚೆಂಡಿನ ತುದಿ ನಿಂತ ನೇರದಲ್ಲಿ ಕದಲದ ಏನನ್ನಾದರೂ ಹಿಡಿಯಿರಿ: ಹ್ಯಾಶ್‌ನ ಒಂದೊಂದು ಯಾರ್ಡ್‌ಗೂ ಇರುವ ಗಿಡ್ಡ ಗೆರೆ, ಹುಲ್ಲು ಕಿತ್ತುಹೋದ ಜಾಗ, ಏನಾದರೂ ಸರಿ.

ಇದಕ್ಕೆ ತದ್ವಿರುದ್ಧವಾದ ಸಂದರ್ಭವೂ ಇದೆ. ರಿಸೀವರ್ (ಪಾಸ್ ಹಿಡಿಯುವ ಆಟಗಾರ) 34ನೇ ಯಾರ್ಡ್ ಗೆರೆಯಲ್ಲಿ ಚೆಂಡು ಹಿಡಿದು, ಯಾರೂ ಮುಟ್ಟದೆಯೇ ತಪ್ಪಿಸಿಕೊಳ್ಳಲೆಂದು ತಾನಾಗಿ 32ಕ್ಕೆ ಹಿಂದೆ ಸರಿದು ಅಲ್ಲಿ ಸಿಕ್ಕಿಬಿದ್ದರೆ, ಸ್ಪಾಟ್ 32. ಅದೇ ಹುಡುಗ ಗಾಳಿಯಲ್ಲಿರುವಾಗಲೇ ಡಿಫೆಂಡರ್ ಅವನನ್ನು ಹಿಂದಕ್ಕೆ ದೂಡಿ 32ರಲ್ಲಿ ಇಳಿಸಿದರೆ, ಸ್ಪಾಟ್ 34. ಪ್ರೇಕ್ಷಕರ ಗ್ಯಾಲರಿಗೆ ಎರಡೂ ಒಂದೇ ರೀತಿ ಕಾಣುತ್ತವೆ, ಕೋಚ್‌ಗೆ ಮಾತ್ರ ವ್ಯತ್ಯಾಸ ಚೆನ್ನಾಗಿ ಗೊತ್ತಿರುತ್ತದೆ. ಇಂಥದ್ದೊಂದನ್ನು ನೀವು ಸರಿಯಾಗಿ ಹಿಡಿದರೆ ಅವರು ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ.

ವಿಸಿಲ್‌ಗೆ ಅವಸರ ಬೇಡ. ಚೆಂಡಿನ ಚರ್ಮ ಕಣ್ಣಿಗೆ ಬೀಳದೆ ವಿಸಿಲ್ ಊದಬೇಡಿ. ಚೆಂಡು ಕೈಯಿಂದ ಜಾರಿ ಹೊರಗೆ ಉರುಳುತ್ತಿರುವಾಗ ನಿಮ್ಮ ವಿಸಿಲ್ ಕೇಳಿಸಿತೆಂದರೆ, ಆಮೇಲೆ ಎಷ್ಟು ಚೆಂದದ ಸ್ಪಾಟ್ ಹಾಕಿದರೂ ಆ ಕೋಚ್ ಇಡೀ ಋತು ನಿಮ್ಮನ್ನು ಆ ವಿಸಿಲ್‌ನಿಂದಲೇ ಗುರುತಿಸುತ್ತಾರೆ.

ಚೈನ್ ಹಿಡಿದವರು:

ನಾನು ತೀರ್ಪುಗಾರನಲ್ಲ. ಮಗ ಶಾಲೆಯ ತಂಡದಲ್ಲಿದ್ದಾಗ, ಫಸ್ಟ್ ಡೌನ್‌ಗೆ ಬೇಕಾದ ದೂರ ಅಳೆಯುವ ಚೈನ್ ಹಿಡಿಯಲು ಸೇರಿಕೊಂಡವನು, ಮಗ ಕಾಲೇಜಿಗೆ ಹೋದರೂ ಬಿಟ್ಟಿಲ್ಲ. ಹತ್ತು ಯಾರ್ಡ್‌ನ ಸರಪಣಿ, ಎರಡು ಕೋಲು, ಡೌನ್ ಸಂಖ್ಯೆ ತೋರಿಸುವ ಪೆಟ್ಟಿಗೆ. ಇಷ್ಟೇ ನಮ್ಮ ಸಂಸಾರ, ಮತ್ತು ಅದರ ಯಜಮಾನರು ಲೈನ್ಸ್‌ಮನ್. ಬೇರೆಯವರು ಹೇಳದ ಒಂದು ಮಾತನ್ನು ಹೇಳುತ್ತೇನೆ: ಪಂದ್ಯಕ್ಕೆ ಮೊದಲು ಚೈನ್ ತಂಡದ ಜೊತೆ ಐದು ನಿಮಿಷ ಮಾತನಾಡಿ. ಹಿಂದಿನ ಕೋಲಿಗೆ ಹತ್ತಿರದ ಐದರ ಗೆರೆ (ಐದು ಯಾರ್ಡ್‌ಗೊಂದರಂತೆ ಎಳೆದ ಗೆರೆ) ಎಲ್ಲಿ ಹಾಯುತ್ತದೋ ಅಲ್ಲಿ ಸರಪಣಿಗೆ ಕ್ಲಿಪ್ ಸಿಕ್ಕಿಸಿದ್ದಾರೆಯೇ ಎಂದು ಪ್ರತಿ ಫಸ್ಟ್ ಡೌನ್‌ಗೂ ನೋಡಿ. ಓಟಗಾರನೊಬ್ಬ ಸೈಡ್‌ಲೈನ್ ದಾಟಿ ನಮ್ಮ ಮೇಲೆಯೇ ಬಿದ್ದು ಕೋಲುಗಳು ಚೆಲ್ಲಾಪಿಲ್ಲಿಯಾದಾಗ ಇಡೀ ಅಳತೆಯನ್ನು ಮತ್ತೆ ನಿಲ್ಲಿಸಿಕೊಡುವುದು ಆ ಕ್ಲಿಪ್ ಒಂದೇ. ನಿಮ್ಮ ಸನ್ನೆ ಬರುವ ತನಕ ಕೋಲು ಕದಲಿಸಬಾರದು ಎಂದೂ ಕಟ್ಟುನಿಟ್ಟಾಗಿ ಹೇಳಿ. ಸ್ವಂತ ಶಾಲೆ ಗೆಲ್ಲುವ ಉತ್ಸಾಹದಲ್ಲಿ ನಮ್ಮವರು ಮುಂದೋಡುವುದುಂಟು.

ಡೌನ್ ಸಂಖ್ಯೆಯನ್ನು ಪೆಟ್ಟಿಗೆ ನೋಡಿ ನಂಬಬೇಡಿ. 1990ರ ಅಕ್ಟೋಬರ್ 6ರಂದು ಮಿಜೌರಿಯ ವಿರುದ್ಧ ಕೊಲರಾಡೊ ವಿಶ್ವವಿದ್ಯಾಲಯದ ತಂಡಕ್ಕೆ ಐದನೆಯ ಡೌನ್ ಸಿಕ್ಕಿ, ಅದರಲ್ಲಿ ಅವರು 33–31ರಿಂದ ಗೆದ್ದದ್ದು ಪೆಟ್ಟಿಗೆಯ ಅಂಕಿ ಬದಲಾಗದೆ ಉಳಿದದ್ದರಿಂದ. ತೀರ್ಪುಗಾರರು ಮಣಿಕಟ್ಟಿಗೆ ಎಲಾಸ್ಟಿಕ್ ಪಟ್ಟಿ ಕಟ್ಟಿಕೊಂಡು, ಅದರ ಕುಣಿಕೆಯನ್ನು ಒಂದನೇ ಡೌನ್‌ಗೆ ತೋರುಬೆರಳಿಗೆ, ಎರಡನೆಯದಕ್ಕೆ ನಡುಬೆರಳಿಗೆ ಎಂಬಂತೆ ಬದಲಾಯಿಸುತ್ತಾ ಹೋಗುವುದು ಇದಕ್ಕಾಗಿಯೇ.

ಹಾಸನದ ಕೋಚ್:

ಎದುರು ಪಕ್ಷದಿಂದ ಒಂದು ಮಾತು. ನಾನು ಇಲ್ಲಿನ ಮಿಡ್ಲ್ ಸ್ಕೂಲ್ ತಂಡವೊಂದಕ್ಕೆ ಸಹಾಯಕ ಕೋಚ್. ಕೋಚ್‌ಗಳು ಸುಮ್ಮನೆ ಕೂಗಾಡುತ್ತಾರೆ ಎಂದು ನೀವು ತಿಳಿದಿರಬಹುದು. ಸ್ವಲ್ಪ ಮಟ್ಟಿಗೆ ನಿಜ, ಸುಳ್ಳು ಹೇಳುವುದಿಲ್ಲ. ಆದರೆ ಕೂಗುತ್ತಿರುವಾಗಲೂ ನಮಗೆ ಬೇಕಾದದ್ದು ಮಾಹಿತಿ. ಬಾವುಟ ಬಿದ್ದರೆ ಯಾವ ನಂಬರಿನ ಹುಡುಗ, ಏನು ಮಾಡಿದ, ಇಷ್ಟು ಬೇಗ ತಿಳಿಸಿ. ಆ ಹುಡುಗನನ್ನು ನಾವು ಕರೆದು ತಿದ್ದಬಹುದು. “ಅದು ನನ್ನ ಕೆಲಸವಲ್ಲ, ಅಂಪೈರ್‌ನನ್ನು ಕೇಳಿ” ಎಂದು ಹೇಳಿದವರ ಮೇಲೆ ನಮಗೆ ಗೌರವ ಉಳಿಯುವುದಿಲ್ಲ, ಯಾಕೆಂದರೆ ಜೊತೆಯವರನ್ನೇ ಬಿಟ್ಟುಕೊಡುವವರು ನಮ್ಮನ್ನು ಬಿಟ್ಟಾರೆಯೇ. “ಕೋಚ್, ಆಗ ನನ್ನ ಕಣ್ಣು ಟ್ಯಾಕಲ್ ಮತ್ತು ಎಂಡ್ ಆಟಗಾರರ ಮೇಲಿತ್ತು, ನೀವು ಹೇಳಿದ ಆಟಗಾರನನ್ನು ಇನ್ನು ಮೇಲೆ ಗಮನಿಸುತ್ತೇನೆ” ಎಂದರೆ ನಾನು ಸುಮ್ಮನಾಗುತ್ತೇನೆ. ಆದರೆ ಹಾಗೆ ಹೇಳಿದ ಮೇಲೆ ನಿಜವಾಗಿಯೂ ಗಮನಿಸಬೇಕು. ಎರಡು ಆಟದ ನಂತರ ಅದೇ ಹುಡುಗ ಅದೇ ರೀತಿ ಅಂಗಿ ಹಿಡಿದೆಳೆದಾಗ ನೀವು ಬೇರೆಲ್ಲೋ ನೋಡುತ್ತಿದ್ದರೆ, ಮೊದಲು ಕೊಟ್ಟ ಉತ್ತರವೂ ಬರಿಯ ಸಮಾಧಾನದ ಮಾತಾಗಿಬಿಡುತ್ತದೆ.

ಇನ್ನು ಸ್ಪಾಟ್ ಬಗ್ಗೆ ನನ್ನದೊಂದು ತಕರಾರಿದೆ. ಹೊಸ ಸರಣಿಯ ಮೊದಲ ಡೌನ್‌ಗೆ ಚೆಂಡನ್ನು ಇದ್ದ ಜಾಗದಲ್ಲಿಡದೆ ಪೂರ್ತಿ ಯಾರ್ಡ್ ಗೆರೆಗೆ ಸರಿಸಿ ಇಡುವ ತೀರ್ಪುಗಾರರನ್ನು ನೋಡುತ್ತಿದ್ದೇನೆ. ನಮ್ಮ ಹುಡುಗ ಪಂಟ್ (ಎದುರಾಳಿ ಒದ್ದು ಕಳಿಸಿದ ಚೆಂಡು) ಮರಳಿಸಿ 27ರ ಗೆರೆ ದಾಟಿ ಮುಕ್ಕಾಲು ಯಾರ್ಡ್ ಮುಂದೆ ಬಂದಿದ್ದರೆ, ಅಷ್ಟೂ ಅವನ ದುಡಿಮೆಯಲ್ಲವೇ? ಅದನ್ನು ಕಿತ್ತುಕೊಳ್ಳಲು ಇವರಿಗೆ ಅಧಿಕಾರ ಕೊಟ್ಟವರು ಯಾರು?

ಬಿಳಿ ಟೋಪಿ:

ನಾನು ರೆಫರಿ, ಅಂದರೆ ಮುಖ್ಯ ತೀರ್ಪುಗಾರ, ಆಗಿರುವುದರಿಂದ (ಉಳಿದವರು ಕಪ್ಪು ಟೋಪಿ, ರೆಫರಿ ಮಾತ್ರ ಬಿಳಿ) ಹಾಸನದ ಕೋಚ್ ಅವರಿಗೆ ಉತ್ತರ ಕೊಡಬೇಕಾದವನು ನಾನೇ. ನೀವು ಹೇಳಿದ ಉದಾಹರಣೆಯಲ್ಲಿ ನಾನಾದರೆ ಹತ್ತಿರದ ಗೆರೆಯಾದ 28ಕ್ಕೆ ಇಡುತ್ತೇನೆ, ಅಂದರೆ ನಿಮಗೆ ಲಾಭವೇ ಆಯಿತು. ಆದರೆ ಲಾಭ ನಷ್ಟದ ಮಾತು ಬದಿಗಿರಲಿ. ಚೆಂಡಿನ ಮುಂತುದಿ 28ರ ಗೆರೆಯ ಮೇಲಿದ್ದರೆ ಮುಂದಿನ ಫಸ್ಟ್ ಡೌನ್‌ನ ಗುರಿ 38ರ ಗೆರೆ, ಮೈದಾನದ ಮೇಲೆ ಬಣ್ಣದಲ್ಲಿ ಬರೆದಿರುವ ಗೆರೆ. ಓಟಗಾರ ಮುಟ್ಟಿದನೇ ಇಲ್ಲವೇ ಎಂಬುದು ಇಬ್ಬರು ತೀರ್ಪುಗಾರರಿಗೂ ಇಬ್ಬರು ಕೋಚ್‌ಗಳಿಗೂ ಕಾಣಿಸುತ್ತದೆ. 27 ಮುಕ್ಕಾಲರಲ್ಲಿಟ್ಟರೆ ಗುರಿ 37 ಮುಕ್ಕಾಲು. ಅಲ್ಲಿ ಗೆರೆಯೂ ಇಲ್ಲ, ಗುರುತೂ ಇಲ್ಲ, ಪ್ರತಿ ಸಲವೂ ಚೈನನ್ನು ಒಳಗೆ ತಂದು ಅಳೆಯಬೇಕು. ಚೆಂಡು ಸರಿದಷ್ಟೇ ಗುರಿಯೂ ಸರಿಯುವುದರಿಂದ ಹತ್ತು ಯಾರ್ಡ್ ಹತ್ತೇ ಆಗಿ ಉಳಿಯುತ್ತದೆ. ಬದಲಾಗುವುದು ಗೋಲ್ ಗೆರೆಯ ದೂರ ಮಾತ್ರ, ಅದೂ ಅರ್ಧ ಯಾರ್ಡ್‌ನೊಳಗೆ. ಸರಣಿಯ ನಡುವೆ, ಫಸ್ಟ್ ಡೌನ್ ಗೆರೆಯ ಆಸುಪಾಸಿನಲ್ಲಿ, ಗೋಲ್ ಗೆರೆಯ ಹತ್ತಿರ ಈ ಪದ್ಧತಿ ನಡೆಯಕೂಡದು. ಅಲ್ಲಿ ಚೆಂಡು ಎಲ್ಲಿ ನಿಂತಿತೋ ಅಲ್ಲಿಯೇ.

ಹೈಸ್ಕೂಲ್ ನಿಯಮಗಳಲ್ಲಿ 2019ರಿಂದ, ಮುಂದಿನ ಆಟ ಶುರುಮಾಡಲು 40 ಸೆಕೆಂಡಿನ ಗಡಿಯಾರ ಬಂದ ಮೇಲೆ, ಆಟ ನಿಂತ ಕೂಡಲೇ ಕಾಲ ಓಡತೊಡಗುತ್ತದೆ. ವೇಗವಾಗಿ ಆಡಲು ಬಯಸುವ ಕೋಚ್‌ಗೆ ನಾವು ಇಂಚು ಹುಡುಕುತ್ತಾ ನಿಂತದ್ದೂ ಒಂದು ದೂರೇ.

ಪಟ್ಟೆಯಂಗಿ ಅವರಿಗೊಂದು ಎಚ್ಚರಿಕೆ. ಸ್ಪಾಟ್ ಹಾಕುವಾಗ ನಾಟಕ ಬೇಡ. ಯಾವ ಗೊಂದಲವೂ ಇಲ್ಲದ, ನಾಲ್ಕು ಯಾರ್ಡ್ ಓಟಕ್ಕೂ ದೂರದಿಂದ ಓಡಿಬಂದು ಕಾಲು ಅಪ್ಪಳಿಸಿ ತೋರಿಸುವವರನ್ನು ಇಲ್ಲಿ ಹಾಲಿವುಡ್ ಎಂದು ಗೇಲಿ ಮಾಡುತ್ತಾರೆ. ಗಟ್ಟಿಯಾಗಿ ಒಳಗೆ ಬರಬೇಕಾದದ್ದು ಫಸ್ಟ್ ಡೌನ್‌ಗೆ ಕೂದಲೆಳೆಯ ಅಂತರವಿದ್ದಾಗ. ಎಲ್ಲಕ್ಕೂ ಗಟ್ಟಿಯಾಗಿ ಬಂದರೆ ಯಾವುದು ನಿಜಕ್ಕೂ ಹತ್ತಿರದ್ದೆಂದು ಕೋಚ್‌ಗೆ ತಿಳಿಯುವುದಾದರೂ ಹೇಗೆ? ಡಲ್ಲಾಸ್ ಕೌಬಾಯ್ಸ್ ಮತ್ತು ಓಕ್‌ಲ್ಯಾಂಡ್ ರೈಡರ್ಸ್ ನಡುವೆ 2017ರ ಡಿಸೆಂಬರ್‌ನಲ್ಲಿ ನಡೆದ ಪಂದ್ಯದಲ್ಲಿ ರೆಫರಿ ಜೀನ್ ಸ್ಟೆರಟೋರ್ ಮಡಿಸಿದ ಕಾಗದದ ಕಾರ್ಡನ್ನು ಚೆಂಡಿಗೂ ಕೋಲಿಗೂ ನಡುವೆ ತೂರಿಸಿ ನೋಡಿ ಫಸ್ಟ್ ಡೌನ್ ಕೊಟ್ಟರು. ಕಣ್ಣಿನಿಂದ ಮೊದಲೇ ತೀರ್ಮಾನಿಸಿದ್ದನ್ನು ಖಚಿತಪಡಿಸಿಕೊಳ್ಳಲು ಮಾತ್ರ ಹಾಗೆ ಮಾಡಿದೆ ಎಂದು ಅವರು ಆಮೇಲೆ ವಿವರಿಸಿದರೂ, ಜನರ ನೆನಪಿನಲ್ಲಿ ಉಳಿದದ್ದು ಆ ಕಾರ್ಡ್. ಅವರು ಬಹಳ ಅನುಭವಿಗಳು, ಅವರಿಗೆ ಅದು ದಕ್ಕಿತು; ಹೊಸಬರಿಗೆ ದಕ್ಕುವುದಿಲ್ಲ.

ಹಾಸನದ ಕೋಚ್:

ಗುರಿಯೂ ಸರಿಯುತ್ತದೆ ಎಂಬ ವಾದವನ್ನು ಒಪ್ಪಿದೆ. ಆದರೂ ಚೆಂಡು ನಿಂತ ಜಾಗ ಬೇರೆ, ಇಟ್ಟ ಜಾಗ ಬೇರೆ ಎಂಬುದು ನನಗೆ ಹಿಡಿಸುವುದಿಲ್ಲ. ಪಂದ್ಯಕ್ಕೆ ಮೊದಲು ಭೇಟಿಯಾದಾಗಲೇ ನಮ್ಮ ಪದ್ಧತಿ ಹೀಗೆ ಎಂದು ಹೇಳಿಬಿಟ್ಟರೆ ಅರ್ಧ ಜಗಳ ತಪ್ಪುತ್ತದೆ. ಬಹುತೇಕರು ಹೇಳುವುದಿಲ್ಲ.

ದಾವಣಗೆರೆ ಓದುಗ:

ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಪಂದ್ಯಗಳನ್ನು ಇಲ್ಲಿಂದಲೇ ನಿದ್ದೆಗೆಟ್ಟು ನೋಡುವವನು ನಾನು. ಕ್ರಿಕೆಟ್‌ನಲ್ಲಿ ರನ್ ಔಟ್ ನೋಡಲು ಅಂಪೈರ್ ಓಡಿಹೋಗಿ ಕ್ರೀಸ್‌ನ ನೇರಕ್ಕೆ ನಿಲ್ಲುತ್ತಿದ್ದ ಕಾಲ ಮುಗಿದು, ಈಗ ಕ್ಯಾಮೆರಾಗಳೇ ಆ ನೇರದಲ್ಲಿ ನಿಂತಿವೆ. ಅಷ್ಟು ಹಣವಿರುವ ಎನ್‌ಎಫ್‌ಎಲ್ ಇನ್ನೂ ಮನುಷ್ಯರ ಕಾಲನ್ನು ನಂಬಿಕೊಂಡಿರುವುದು ಏಕೆ? ಚೆಂಡಿನೊಳಗೆ ಚಿಪ್ ಇದೆ ಎಂದೂ ಕೇಳಿದ್ದೇನೆ.

ಸೈಡ್‌ಲೈನ್ ಸಾಕ್ಷಿ:

ಒಳ್ಳೆಯ ಪ್ರಶ್ನೆ. 2025ರ ಋತುವಿನಿಂದ ಎನ್‌ಎಫ್‌ಎಲ್‌ನಲ್ಲಿ ಫಸ್ಟ್ ಡೌನ್ ಅಳೆಯಲು ಚೈನ್ ಬದಲು ಸೋನಿಯ ಹಾಕ್-ಐ ವ್ಯವಸ್ಥೆ ಬಂದಿದೆ. ಆರು 8ಕೆ ಕ್ಯಾಮೆರಾಗಳು ಇಟ್ಟ ಚೆಂಡಿಗೂ ಗುರಿಗೂ ಇರುವ ಅಂತರವನ್ನು ಲೆಕ್ಕಹಾಕುತ್ತವೆ. ಇಟ್ಟ ಚೆಂಡಿಗೂ ಎಂದು ಬರೆದದ್ದನ್ನು ಗಮನಿಸಿ. ಚೆಂಡನ್ನು ಎಲ್ಲಿಡಬೇಕು ಎಂಬುದನ್ನು ನಿರ್ಧರಿಸುವುದು ಈಗಲೂ ಮನುಷ್ಯರೇ. ಚೆಂಡಿನಲ್ಲಿ ಚಿಪ್ ಇರುವುದೂ ನಿಜ. ಅದು ಚೆಂಡಿನ ಜಾಗವನ್ನು ಹೇಳೀತು, ಆದರೆ ಓಟಗಾರನ ಮಂಡಿ ಯಾವ ಕ್ಷಣದಲ್ಲಿ ನೆಲ ಮುಟ್ಟಿತು, ಅವನ ಮುನ್ನಡೆ ಯಾವಾಗ ನಿಂತಿತು ಎಂದು ಹೇಳಲಾರದು. ಸ್ಪಾಟ್ ಎಂದರೆ ಜಾಗ ಮತ್ತು ಕ್ಷಣ ಎರಡೂ ಕೂಡಿದ್ದು.

2025ರ ಜನವರಿ 26ರ ಎಎಫ್‌ಸಿ ಚಾಂಪಿಯನ್‌ಶಿಪ್ (ಎನ್‌ಎಫ್‌ಎಲ್‌ನ ಸೆಮಿಫೈನಲ್‌ನಂಥದ್ದು) ಪಂದ್ಯ ನೋಡಿದ್ದರೆ ನಿಮಗೆ ನೆನಪಿರುತ್ತದೆ. ಕಾನ್ಸಾಸ್ ಸಿಟಿಯಲ್ಲಿ, ನಾಲ್ಕನೆಯ ಕ್ವಾರ್ಟರ್‌ನ ಆರಂಭದಲ್ಲಿ, ಬಫಲೊ ಬಿಲ್ಸ್ 22–21ರಿಂದ ಮುಂದಿದ್ದಾಗ, ನಾಲ್ಕನೆಯ ಡೌನ್‌ನಲ್ಲಿ ಅವರ ಜೋಶ್ ಆಲನ್ ರಾಶಿಯೊಳಗೆ ನುಗ್ಗಿದರು. ಎರಡೂ ಬದಿಯಿಂದ ಒಳಗೆ ಬಂದ ತೀರ್ಪುಗಾರರ ನೇರ ಒಂದೇ ಆಗಿರಲಿಲ್ಲ. ಕೊನೆಗೆ ಎರಡರಲ್ಲಿ ಹಿಂದಿದ್ದ ಸ್ಪಾಟ್ ನಿಂತಿತು, ಫಸ್ಟ್ ಡೌನ್ ಸಿಗಲಿಲ್ಲ, ವಿಡಿಯೊ ಪರಿಶೀಲನೆಯೂ ಅದನ್ನು ಬದಲಿಸಲಿಲ್ಲ. ಎದುರಾಳಿ ಕಾನ್ಸಾಸ್ ಸಿಟಿ ಚೀಫ್ಸ್ 32–29ರಿಂದ ಗೆದ್ದಿತು. ಅಷ್ಟೊಂದು ಕ್ಯಾಮೆರಾಗಳಿದ್ದೂ ಚೆಂಡು ಮೈಗಳ ಅಡಿಯಲ್ಲಿ ಕಾಣಲಿಲ್ಲವಾದ್ದರಿಂದ ತೀರ್ಪನ್ನು ತಿದ್ದುವಷ್ಟು ಸ್ಪಷ್ಟ ಚಿತ್ರ ಸಿಗಲಿಲ್ಲ. ನಮ್ಮ ಹೈಸ್ಕೂಲ್ ಮೈದಾನಗಳ ಮಾತಂತೂ ಬೇಡ. ಅಲ್ಲಿ ಇರುವುದು ನಿಮ್ಮ ಕಣ್ಣು, ಎದುರಿನವರ ಕಣ್ಣು, ಅಷ್ಟೇ.

ಟೆಕ್ಸಸ್ ಕನ್ನಡಿಗ:

ಇಲ್ಲಿ ಯಾರೂ ಎತ್ತದ ವಿಷಯವೊಂದಿದೆ. ಪಟ್ಟೆಯಂಗಿ ಅವರು ಆಡಿದವರಲ್ಲ, ನಾನೂ ಅಲ್ಲ. ಇಲ್ಲಿ ಹೈಸ್ಕೂಲ್ ಪಂದ್ಯಗಳು ಕಾಲೇಜ್ ನಿಯಮಗಳಂತೆ ನಡೆಯುತ್ತವೆ, ಶುಕ್ರವಾರ ರಾತ್ರಿ ಊರಿಗೆ ಊರೇ ಸ್ಟೇಡಿಯಮ್‌ನಲ್ಲಿರುತ್ತದೆ, ಮತ್ತು ನನ್ನ ಮೈಬಣ್ಣ, ಉಚ್ಚಾರಣೆ ನೋಡಿ ಕೆಲವು ಕೋಚ್‌ಗಳು “ನೀವು ಎಲ್ಲಿ ಆಡುತ್ತಿದ್ದಿರಿ?” ಎಂದು ಕೇಳುತ್ತಾರೆ. ಕೆಲವರದು ಕುತೂಹಲ, ಕೆಲವರದು ಪರೀಕ್ಷೆ. ಆಡಿಲ್ಲ ಎಂದು ನೇರವಾಗಿ ಹೇಳಿ ಕೆಲಸಕ್ಕೆ ನಿಲ್ಲುತ್ತೇನೆ. ಬ್ಲಾಕಿಂಗ್‌ನ ಒಳಸುಳಿಗಳಲ್ಲಿ ಹತ್ತು ವರ್ಷ ಲೈನ್‌ನಲ್ಲಿ ಆಡಿದವರ ಕಣ್ಣು ನನ್ನದಕ್ಕಿಂತ ಚುರುಕಾಗಿರಬಹುದು, ಆದರೆ ಸ್ಪಾಟ್‌ಗೆ ಆಡಿದ ಅನುಭವ ಬೇಕಿಲ್ಲ. ನೇರ ಹಿಡಿಯುವ ಶಿಸ್ತು ಬೇಕು. ಆಡದವನೊಬ್ಬ ಮೊದಲ ದಿನವೇ ಆಡಿದವರ ಸಮಕ್ಕೆ ನಿಲ್ಲಬಹುದಾದ ಕೆಲಸ ಇದೊಂದೇ. ನನ್ನ ಮಾತು ಅರ್ಥವಾಗದಿದ್ದರೆ ಎರಡನೆಯ ಸಲ ನಿಧಾನವಾಗಿ ಹೇಳುತ್ತೇನೆ, ದನಿ ಏರಿಸುವುದಿಲ್ಲ. ಇನ್ನೊಂದು: ಪರಿಚಯದ ಕೋಚ್ ಆದರೂ ಪಂದ್ಯಕ್ಕೆ ಮೊದಲು ಅವರ ಜೊತೆ ನಗುತ್ತಾ ಹೆಗಲು ತಟ್ಟಿಸಿಕೊಂಡು ನಿಲ್ಲಬೇಡಿ. ಆಚೆ ಬದಿಯ ಕೋಚ್ ಅದನ್ನೇ ನೋಡುತ್ತಿರುತ್ತಾರೆ.

ಬಿಳಿ ಟೋಪಿ:

ಅದಕ್ಕೆ ಸೇರಿಸುತ್ತೇನೆ: ಸೈಡ್‌ಲೈನ್‌ನ ಎರಡು ಯಾರ್ಡ್ ಪಟ್ಟಿಯನ್ನು ಖಾಲಿ ಇಡಿಸುವುದನ್ನು ಮೊದಲ ಆಟದಿಂದಲೇ ಆರಂಭಿಸಿ. ಆಟ ನಡೆಯುತ್ತಿರುವಾಗ ಅಲ್ಲಿ ಯಾರೂ ಇರಬಾರದು, ಏಕೆಂದರೆ ಸ್ಪಾಟ್‌ಗಾಗಿ ನೀವು ಓಡಬೇಕಾದ ದಾರಿ ಅದೇ. ಹುಡುಗರನ್ನು ಹಿಂದೆ ಸರಿಸಲು ಸಹಾಯಕರೊಬ್ಬರನ್ನು ನೇಮಿಸಿ ಎಂದು ಮುಖ್ಯ ಕೋಚ್‌ಗೆ ವಿನಯದಿಂದ ಕೇಳಿ. ಹೈಸ್ಕೂಲ್ ನಿಯಮದಲ್ಲಿ ಮೊದಲ ಸಲ ಎಚ್ಚರಿಕೆ, ಎರಡನೆಯದಕ್ಕೆ 5 ಯಾರ್ಡ್, ಆಮೇಲೆ 15. ನಾಲ್ಕನೆಯ ಕ್ವಾರ್ಟರ್‌ನ ತನಕ ಸುಮ್ಮನಿದ್ದು ಆಮೇಲೆ ದಂಡ ಹಾಕಿದರೆ ಕೋಚ್‌ಗೆ ಅದು ದ್ವೇಷದಂತೆ ಕಾಣುತ್ತದೆ.

ಪಟ್ಟೆಯಂಗಿ:

ಎಲ್ಲರಿಗೂ ಧನ್ಯವಾದಗಳು. ಒಂದೇ ಒಂದು ಸಂದೇಹ ಉಳಿದಿದೆ. ಜೋಶ್ ಆಲನ್ ಅವರ ಆಟದಲ್ಲಾದಂತೆ ನನ್ನ ಸ್ಪಾಟ್‌ಗೂ ಎದುರಿನ ಲೈನ್ ಜಡ್ಜ್ ಅವರ ಸ್ಪಾಟ್‌ಗೂ ಹೊಂದಿಕೆಯಾಗದಿದ್ದರೆ ಬಿಟ್ಟುಕೊಡಬೇಕಾದವರು ಯಾರು?

ಸೈಡ್‌ಲೈನ್ ಸಾಕ್ಷಿ:

ಚೆಂಡನ್ನು ಕಂಡವರದ್ದು ನಿಲ್ಲಬೇಕು. ಓಟಗಾರ ಚೆಂಡನ್ನು ನಿಮ್ಮ ಕಡೆಯ ಕಂಕುಳಲ್ಲಿ ಇಟ್ಟುಕೊಂಡಿದ್ದರೆ ಅದು ನಿಮ್ಮದು. ಬೆನ್ನು ನಿಮ್ಮ ಕಡೆಗಿದ್ದರೆ ಅವರದ್ದು. ಈ ಒಪ್ಪಂದವನ್ನು ಪಂದ್ಯಕ್ಕೆ ಮೊದಲೇ, ಡ್ರೆಸ್ಸಿಂಗ್ ಕೋಣೆಯಲ್ಲಿ ಮಾಡಿಕೊಂಡಿರಬೇಕು. ಒಳಗೆ ಬರುವಾಗ ಮೊದಲ ಎರಡು ಹೆಜ್ಜೆಯಲ್ಲೇ ಎದುರಿನವರ ಕಣ್ಣು ನೋಡಿ. ನಿಮಗೆ ಚೆಂಡು ಕಾಣದಿದ್ದರೆ ಅವರ ನೇರಕ್ಕೆ ಮೊದಲೇ ಸರಿದುಕೊಂಡು ಬನ್ನಿ. ಕಾಲು ಊರಿದ ಮೇಲೆ ಬದಲಿಸಿದರೆ ಇಬ್ಬರು ಕೋಚ್‌ಗಳೂ ಅದನ್ನು ನೋಡುತ್ತಾರೆ. ಇಬ್ಬರಿಗೂ ಚೆಂಡು ಕಂಡಿತ್ತು, ಆದರೂ ಜಾಗ ಬೇರೆ ಎಂದಾದರೆ ಇಬ್ಬರೂ ನಿಂತಲ್ಲಿಯೇ ನಿಂತು ರೆಫರಿಯನ್ನು ಕರೆಯಿರಿ, ಹತ್ತಿರ ಬಂದು ಸಣ್ಣ ದನಿಯಲ್ಲಿ ಏನು ಕಂಡಿತೆಂದು ಹೇಳಿ, ಒಂದನ್ನು ಆರಿಸಿಕೊಳ್ಳಿ. ನಡುವಿನ ಜಾಗವನ್ನು ಹಂಚಿಕೊಳ್ಳಲು ಹೋಗಬೇಡಿ, ಅಲ್ಲಿ ಚೆಂಡು ಇದ್ದದ್ದನ್ನು ಯಾರೂ ನೋಡಿಲ್ಲ. ಆಮೇಲೆ ನಿಮ್ಮ ಬದಿಯ ಕೋಚ್ ಬಳಿಗೆ ಹೋಗಿ “ಕೋಚ್, ಚೆಂಡು ಆ ಬದಿಯ ಕೈಯಲ್ಲಿತ್ತು, ಅವರಿಗೆ ಕಂಡಿತು, ಅವರ ಸ್ಪಾಟ್ ತೆಗೆದುಕೊಂಡೆವು” ಎಂದು ಒಂದೇ ವಾಕ್ಯದಲ್ಲಿ ತಿಳಿಸಿ, ಮುಂದಿನ ಸ್ನ್ಯಾಪ್‌ಗೆ (ಆಟ ಶುರುಮಾಡುವ ಎಸೆತ) ನಿಮ್ಮ ಜಾಗಕ್ಕೆ ಹೋಗಿ. ಆಗಸ್ಟ್‌ನ ಅಭ್ಯಾಸ ಪಂದ್ಯಗಳಿಗೆ ನಿಮ್ಮನ್ನು ಹಾಕುವಂತೆ ಈಗಲೇ ಕೇಳಿಕೊಳ್ಳಿ. ಅಲ್ಲಿ ಕೋಚ್‌ಗಳು ಮೈದಾನದೊಳಗೇ ನಿಂತಿರುತ್ತಾರೆ, ಆಟ ನಿಲ್ಲಿಸಿ ಕೇಳಿದರೂ ಬೇಸರಿಸುವುದಿಲ್ಲ.